ಮೆನುವಲ್ಲಿ ಹೆಸರು ಓದಿದ್ರೆ ಕೆಲಸ ಗೊತ್ತಾಗ್ಬೇಕು

ಪ್ರಶ್ನೆ: ಅಪ್ಪನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕ್ಕೊಟ್ಟಿದೀನಿ, ಡೆಸ್ಕ್‌ಟಾಪ್ ಕೆಡಿಇ ಪ್ಲಾಸ್ಮಾ. ಮೆನುವಲ್ಲಿ ಓಕ್ಯುಲರ್, ಗ್ವೆನ್‌ವ್ಯೂ, ಡಾಲ್ಫಿನ್ ಅಂತಿರೋದ್ರಲ್ಲಿ ಯಾವುದು ಏನು ಅಂತ ಅವ್ರಿಗೆ ಗೊತ್ತಾಗಲ್ಲ. ಹೆಸರು ಬದಲಾಯಿಸ್ಬೋದಾ?

ಉತ್ತರ: ಇದೇ ಪ್ರಶ್ನೆ ಎಷ್ಟು ಸಲ ಬಂದಿದೆಯೋ! ಪ್ರತಿ ಸಲಾನೂ ಯಾರೋ ಒಬ್ರು "ವಯಸ್ಸಾದವ್ರಿಗೆ ಲಿನಕ್ಸ್ ಆಗಲ್ಲ" ಅಂತಾರೆ, ಅದು ಶುದ್ಧ ತಪ್ಪು. ಡಾಲ್ಫಿನ್ ಅಂದ್ರೆ ಫೈಲ್ ಮ್ಯಾನೇಜರ್ ಅಂತ ಹೇಳ್ಕೊಡದೆ ಯಾರಿಗೆ ತಾನೆ ಗೊತ್ತಾಗುತ್ತೆ?

ಪ್ರತಿ ಅಪ್ಲಿಕೇಶನ್ನಿಗೂ ಒಂದು ಡಾಟ್ ಡೆಸ್ಕ್‌ಟಾಪ್ ಫೈಲ್ ಇರುತ್ತೆ, ಮೆನು ಹೆಸರು ತಗೊಳ್ಳೋದು ಅಲ್ಲಿಂದಾನೇ. ಉದಾಹರಣೆಗೆ ಓಕ್ಯುಲರಿನ ಫೈಲಲ್ಲಿ ನೇಮ್ ಅಂದ್ರೆ ಓಕ್ಯುಲರ್, ಜೆನೆರಿಕ್‌ನೇಮ್ ಅಂದ್ರೆ ಡಾಕ್ಯುಮೆಂಟ್ ವ್ಯೂವರ್, ಅಂದ್ರೆ ಕೆಲಸದ ಹೆಸರು ಆಗ್ಲೇ ಒಳಗಿದೆ, ಮೆನು ತೋರಿಸ್ತಿಲ್ಲ ಅಷ್ಟೆ. ಮೆನು ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಆಲ್ಟರ್ನೇಟಿವ್ಸ್‌ನಲ್ಲಿ ಅಪ್ಲಿಕೇಶನ್ ಮೆನು ಆರಿಸ್ಕೊಂಡು, ಅದರ ಸೆಟ್ಟಿಂಗ್ಸಲ್ಲಿ ಹೆಸರು ಮತ್ತೆ ವಿವರಣೆ ಎರಡೂ ಕಾಣೋ ಹಾಗೆ ಮಾಡಿ. ಬರೀ ವಿವರಣೆ ಮಾತ್ರ ಇಡ್ಬೇಡಿ. ಗ್ನೋಮ್ ಅನ್ನೋ ಇನ್ನೊಂದು ಡೆಸ್ಕ್‌ಟಾಪಿನವ್ರು 2012ರಲ್ಲಿ ತಮ್ಮ ಫೈಲ್ ಮ್ಯಾನೇಜರ್ ನಾಟಿಲಸ್‌ಗೆ ಬರೀ ಫೈಲ್ಸ್ ಅಂತ ಹೆಸರಿಟ್ರು, ಕೆಲಸ ಏನೋ ಗೊತ್ತಾಯ್ತು, ಆದ್ರೆ ಕೈಕೊಟ್ಟಾಗ "ಫೈಲ್ಸ್ ಓಪನ್ ಆಗ್ತಿಲ್ಲ" ಅಂತ ಹುಡುಕಿ ನೋಡಿ, ಸಂಬಂಧವೇ ಇಲ್ಲದ್ದೆಲ್ಲ ಬರುತ್ತೆ. ಎರಡೂ ಹೆಸರು ಬೇಕೇ ಬೇಕು.

ಇಷ್ಟಕ್ಕೂ ಸಮಾಧಾನ ಆಗ್ದೆ ಕೈಯಾರೆ ತಿದ್ದೋದಾದ್ರೆ ಆ ಫೈಲನ್ನ ಹೋಮ್ ಫೋಲ್ಡರಿನ ಡಾಟ್ ಲೋಕಲ್, ಅದರೊಳಗಿನ ಶೇರ್, ಅದರೊಳಗಿನ ಅಪ್ಲಿಕೇಶನ್ಸ್ ಫೋಲ್ಡರಿಗೆ ಕಾಪಿ ಮಾಡಿ ಅಲ್ಲಿ ತಿದ್ದಿ. ಫೈಲಿನ ಹೆಸರು ಹಾಗೇ ಇರ್ಲಿ, ಇಲ್ಲಾಂದ್ರೆ ಮೆನುವಲ್ಲಿ ಒಂದೇ ಅಪ್ಲಿಕೇಶನ್ ಎರಡೆರಡು ಸಲ ಕಾಣುತ್ತೆ. ಎಕ್ಸೆಕ್ ಸಾಲು ಮುಟ್ಲೇಬೇಡಿ, ಅಪ್ಲಿಕೇಶನ್ ಶುರು ಮಾಡೋ ಕಮಾಂಡ್ ಅದು. ನೇಮ್ ತಿದ್ದಿದ್ರೂ ಏನೂ ಬದಲಾಗ್ಲಿಲ್ಲ ಅಂತ ಬರೆಯೋರು ಗಮನಿಸಿ, ಸಿಸ್ಟಂ ಕನ್ನಡದಲ್ಲಿದ್ರೆ, ನೇಮ್ ಪಕ್ಕ ಚೌಕ ಬ್ರಾಕೆಟ್ಟಲ್ಲಿ ಕೆಎನ್ (ಕನ್ನಡದ ಗುರುತು) ಅಂತಿರೋ ಸಾಲಿದ್ರೆ, ಮೆನು ತಗೊಳ್ಳೋದು ಅದನ್ನೇ. ಅದನ್ನ ತಿದ್ದಿ.

ಸೂಡೋ (ಅಡ್ಮಿನ್ ಅಧಿಕಾರ ಕೊಡೋ ಕಮಾಂಡ್) ಹಾಕಿ ಸಿಸ್ಟಂ ಫೈಲನ್ನೇ ತಿದ್ದಿ ಅಂತ ವಿಡಿಯೋ ಮಾಡೋರ ಮಾತು ದಯವಿಟ್ಟು ಕೇಳ್ಬೇಡಿ, ಮುಂದಿನ ಅಪ್‌ಡೇಟಲ್ಲಿ ನಿಮ್ ತಿದ್ದುಪಡಿ ಪೂರ್ತಿ ಅಳಿಸಿಹೋಗುತ್ತೆ.

ಪ್ರಶ್ನೆ: ಮೆನುವಿಂದ ತೆಗೆದ್ರೆ ಡಿಸ್ಕಲ್ಲಿ ಜಾಗ ಉಳಿಯುತ್ತಾ?

ಉತ್ತರ: ಇಲ್ಲ. ಕಣ್ಣಿಗೆ ಕಾಣಲ್ಲ ಅಷ್ಟೆ, ಜಾಗ ಬೇಕಂದ್ರೆ ಅನ್‌ಇನ್‌ಸ್ಟಾಲ್ ಮಾಡಿ.

ಪ್ರಶ್ನೆ: ಎಕ್ಸ್‌ಎಫ್‌ಸಿಇ ಅನ್ನೋ ಡೆಸ್ಕ್‌ಟಾಪ್ ಇದ್ರೆ ಕೆಲಸದ ಹೆಸರು ತೋರಿಸೋದು ಹೇಗೆ?

ಉತ್ತರ: ಅಪ್ಲಿಕೇಶನ್ಸ್ ಮೆನುವಿನ ಪ್ರಾಪರ್ಟೀಸಲ್ಲಿ ಜೆನೆರಿಕ್ ಹೆಸರು ತೋರಿಸೋ ಟಿಕ್ ಇದೆ, ನೋಡ್ಕೊಳ್ಳಿ.