ತಾಲ್ಲೂಕು ಕೋರ್ಟಿನ ಹಳೇ ತೀರ್ಪಿನ ನಕಲು ಪಡೆಯುವುದು ಹೇಗೆ?

1990ರ ಸುಮಾರಿಗೆ ತೀರ್ಮಾನವಾದ ನಿಮ್ಮ ಅಜ್ಜನ ಜಮೀನಿನ ಕೇಸಿನ ತೀರ್ಪು ಬೇಕು, ನಂಬರ್ ಗೊತ್ತಿಲ್ಲ ಅಂದಿದ್ದೀರಿ. ಖಂಡಿತ ಪ್ರಯತ್ನಿಸಿ, ಅದು ನಿಮ್ಮ ಹಕ್ಕು.

ಮೊದಲು ನಂಬರ್ ಹುಡುಕಿ. ಕೋರ್ಟ್ ಕೇಸುಗಳ ಮಾಹಿತಿ ಸಿಗುವ ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು, ಆದರೆ ಇಷ್ಟು ಹಳೆಯ ಕೇಸು ಅಲ್ಲಿ ಸಿಗುವುದು ಅಪರೂಪ. ಮನೆಯ ಟ್ರಂಕಿನಲ್ಲಿರುವ ಹಳೇ ಕಾಗದ ತೆಗೆಯಿರಿ. ಸಮನ್ಸ್ ಚೀಟಿಯ ಮೇಲ್ಗಡೆ 'ಓ.ಎಸ್. 112/1988' ಅನ್ನೋ ತರಹ ಬರೆದಿರುತ್ತದೆ (ಓ.ಎಸ್. ಅಂದರೆ ಒರಿಜಿನಲ್ ಸೂಟ್, ಮೂಲ ದಾವೆ). ಅದೇ ಕೀಲಿ. ಕೋರ್ಟ್ ಆದೇಶದಿಂದ ಖಾತೆ ಬದಲಾಗಿದ್ದರೆ ತಾಲ್ಲೂಕು ಕಚೇರಿಯ ಮ್ಯುಟೇಶನ್ ದಾಖಲೆಯನ್ನೂ ನೋಡಿ. ಏನೂ ಸಿಗದಿದ್ದರೆ ಎರಡೂ ಕಡೆಯವರ ಹೆಸರು, ಅಂದಾಜು ವರ್ಷ, ಸರ್ವೆ ನಂಬರ್ ಬರೆದುಕೊಂಡು ಕೋರ್ಟಿಗೆ ಹೋಗಿ, ಹಳೇ ರಿಜಿಸ್ಟರ್ ನೋಡಿಸಿ ಅಂತ ಕೇಳಿ.

ನಂತರ ನಕಲು ವಿಭಾಗದಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ. ಅಜ್ಜನ ವಾರಸುದಾರರು ಅನ್ನುವುದಕ್ಕೆ ವಂಶವೃಕ್ಷ ಜೊತೆಗಿರಲಿ. ಕೇಸಿಗೆ ಸಂಬಂಧವೇ ಇಲ್ಲದವರಾದರೆ ನಕಲು ಯಾಕೆ ಬೇಕು ಅಂತ ಕಾರಣ ಕೊಡಬೇಕಾಗುತ್ತದೆ. ಕಡತ ಜಿಲ್ಲಾ ಕೋರ್ಟಿನ ದಾಖಲೆ ಕೊಠಡಿಗೆ ಹೋಗಿದೆಯಾ ಅಂತಲೂ ವಿಚಾರಿಸಿ.

ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ ಅಂತ ತುಂಬಾ ಜನ ಹೇಳುತ್ತಾರೆ. ಸುಮ್ನೆ ಸಮಯ ಕಳೆಯಬೇಡಿ. ಕೋರ್ಟ್ ಕಡತದ ನಕಲಿಗೆ ಕೋರ್ಟಿನ ನಿಯಮದಂತೆಯೇ ಅರ್ಜಿ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ.