ಎಕೋಸೌಂಡರ್ ಕೆಳಗೆ ಕ್ಯಾಮೆರಾ ಇಳಿಸಲು ಉಕ್ಕಿನ ಚೌಕಟ್ಟೋ, ಪಿವಿಸಿಯದೋ?

ನೀರಿಗೆ ಶಬ್ದ ಕಳಿಸಿ, ಮರಳುವ ಪ್ರತಿಧ್ವನಿಯಿಂದ ಮೀನಿನ ಲೆಕ್ಕ ಹಾಕುವ ಸಾಧನ ಎಕೋಸೌಂಡರ್. ಉಕ್ಕಿನ ಪ್ರತಿಧ್ವನಿಯಿಂದ ಆ ಲೆಕ್ಕ ಕೆಡುತ್ತದೆ, ಪಿವಿಸಿ ಪೈಪಿನ ಚೌಕಟ್ಟು ಮಾಡಿದರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ಪೈಪಿನ ಎರಡೂ ತುದಿಗೆ ಮುಚ್ಚಳ ಅಂಟಿಸಿದರೆ ಖಂಡಿತ ಇಲ್ಲ. ಒಳಗೆ ಉಳಿದ ಗಾಳಿ ಉಕ್ಕಿಗಿಂತ ಜೋರಾಗಿ ಶಬ್ದವನ್ನು ವಾಪಸು ಕಳಿಸುತ್ತದೆ.

ಸಾಂದ್ರತೆ ಗುಣಿಸು ಶಬ್ದವೇಗ, ಈ ಲೆಕ್ಕ ಎಸ್‌ಐ ಮಾನದಲ್ಲಿ ನೀರಿಗೆ ಸುಮಾರು 15 ಲಕ್ಷ, ಪಿವಿಸಿಗೆ 32 ಲಕ್ಷ, ಉಕ್ಕಿಗೆ 4.6 ಕೋಟಿ, ಗಾಳಿಗೆ ಬರೀ 400. ನೀರಿನ ಸಂಖ್ಯೆಗಿಂತ ಎಷ್ಟು ಪಟ್ಟು ಹೆಚ್ಚೋ ಅಥವಾ ಕಡಿಮೆಯೋ ಪ್ರತಿಫಲನ ಅಷ್ಟು ಹೆಚ್ಚು. ಮೀನಿನಲ್ಲೂ ಹೀಗೇ: ಗಾಳಿಚೀಲವಿರುವ ಮೀನಿನ ಪ್ರತಿಧ್ವನಿಯಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಆ ಚೀಲದ್ದು, ಮಾಂಸದ್ದಲ್ಲ.

ಪಿವಿಸಿಯನ್ನೇ ಬಳಸಿ, ಆದರೆ ಪೈಪಿಗೆ ಕೆಳಗೂ ಮೇಲೂ ರಂಧ್ರ ಕೊರೆಯಿರಿ. ಕೆಳಗಷ್ಟೇ ಕೊರೆದರೆ ಮೇಲಿನ ಮೂಲೆಯಲ್ಲಿ ಗಾಳಿ ಕೂತೇ ಇರುತ್ತದೆ. ಥರ್ಮೋಕೋಲ್ ಫ್ಲೋಟು ಬೇಡವೇ ಬೇಡ. ಹೊಸೆದ ಹಗ್ಗದ ಎಳೆಗಳ ನಡುವೆ ಗುಳ್ಳೆ ಸಿಕ್ಕಿಕೊಳ್ಳುತ್ತದೆ, ಒಂದೇ ಎಳೆಯ ನೈಲಾನ್ ದಾರ ವಾಸಿ. ಇಳಿಸುವ ಮುನ್ನ ಗಂಟುಗಳನ್ನೂ ಚೌಕಟ್ಟನ್ನೂ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ನೆನೆಸಿದರೆ ಗುಳ್ಳೆ ಅಂಟುವುದು ಕಡಿಮೆಯಾಗುತ್ತದೆ. ಚಪ್ಪಟೆ ತಗಡು ಬೇಕೇ ಬೇಕಾದರೆ ಓರೆಯಾಗಿ ಕೂರಿಸಿ. ಶಬ್ದ ಬಿಡುವ ಟ್ರಾನ್ಸ್‌ಡ್ಯೂಸರಿಗೆ ನೇರವಾಗಿ ಎದುರಿದ್ದರೆ ಕನ್ನಡಿಯ ಕೆಲಸ ಮಾಡುತ್ತದೆ.

ಇಷ್ಟಾದರೂ ಕ್ಯಾಮೆರಾದ ಡಬ್ಬಿಯೊಳಗಿನ ಗಾಳಿಗೆ ಏನೂ ಮಾಡಲಾಗದು. 7 ಡಿಗ್ರಿ ಬೀಮ್ (ಶಬ್ದ ಹರಡುವ ಶಂಕು) 10 ಮೀಟರ್ ಆಳದಲ್ಲಿ ಸುಮಾರು 1.2 ಮೀಟರ್ ಅಗಲ ಇರುತ್ತದೆ, ಡಬ್ಬಿಯನ್ನು ಅದರಿಂದ ಸಾಕಷ್ಟು ಆಚೆಗಿಟ್ಟು ಓರೆಯಾಗಿ ನೋಡಿಸಿ. ಬೀಮ್ ಒಳಗೇ ಇರಬೇಕೆಂದರೆ ಪಲ್ಸ್, ಅಂದರೆ ಒಮ್ಮೆಗೆ ಬಿಡುವ ಶಬ್ದದ ತುಣುಕು, ಗಿಡ್ಡ ಮಾಡಿ. 1 ಮಿಲಿಸೆಕೆಂಡ್ ಪಲ್ಸ್‌ನಲ್ಲಿ ಚೌಕಟ್ಟಿನಿಂದ 75 ಸೆಂ.ಮೀ. ಒಳಗಿನ ಮೀನು ಅದರ ಪ್ರತಿಧ್ವನಿಯಲ್ಲೇ ಕರಗಿಹೋಗುತ್ತದೆ, 0.256 ಮಿಲಿಸೆಕೆಂಡಿಗೆ ಇಳಿಸಿದರೆ ಆ ಅಂತರ 19 ಸೆಂ.ಮೀ.

ಮೀನಿಲ್ಲದ ನೀರಿನಲ್ಲಿ ಚೌಕಟ್ಟನ್ನಷ್ಟೇ ಇಳಿಸಿ ಒಮ್ಮೆ ದಾಖಲಿಸಿ. ಹೋಲಿಕೆಗೆ: 38 ಕಿಲೋಹರ್ಟ್ಸ್‌ನಲ್ಲಿ ಕ್ಯಾಲಿಬ್ರೇಷನ್‌ಗೆ (ಸಾಧನದ ಅಳತೆ ಸರಿಹೊಂದಿಸಲು) ಬಳಸುವ 38.1 ಮಿ.ಮೀ. ಟಂಗ್‌ಸ್ಟನ್ ಕಾರ್ಬೈಡ್ ಗುಂಡಿನ ಪ್ರತಿಧ್ವನಿಯ ಬಲ ಸುಮಾರು −42 ಡೆಸಿಬಲ್ (ಸೊನ್ನೆಗೆ ಹತ್ತಿರವಾದಷ್ಟೂ ಜೋರು), 30 ಸೆಂ.ಮೀ. ಹೆರಿಂಗ್ ಮೀನಿನದೂ ಹೆಚ್ಚುಕಡಿಮೆ ಅಷ್ಟೇ. ನಿಮ್ಮ ಚೌಕಟ್ಟು ಅದಕ್ಕಿಂತ ಜೋರಾಗಿ ಕಂಡರೆ ಎಲ್ಲೋ ಗಾಳಿ ಉಳಿದಿದೆಯೇ ಎಂದು ಮೊದಲು ನೋಡಿ. ಬಂದ ಸಂಖ್ಯೆಯನ್ನು ಮೀನಿನ ಲೆಕ್ಕದಿಂದ ಕಳೆಯಲು ಮಾತ್ರ ಹೋಗಬೇಡಿ. ಚೌಕಟ್ಟು ತೂಗಾಡಿದಂತೆಲ್ಲ ಪ್ರತಿಧ್ವನಿ ಏರಿಳಿಯುತ್ತದೆ. ಅದು ಕಾಣುವ ಆಳದ ಪಟ್ಟಿಯನ್ನೇ ಲೆಕ್ಕದಿಂದ ಬಿಟ್ಟುಬಿಡಿ.