‘ದಟ್’ ಬಂದ ಮೇಲೆ ಕಾಮಾ ಯಾಕೆ?

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಇಂಗ್ಲಿಷ್ ಟೆಸ್ಟಿನಲ್ಲಿ ‘ರವಿ ಸೆಡ್ ದಟ್, “ಐ ಆಮ್ ಹಂಗ್ರಿ.”’ ಅಂತ ಬರೆದಿದ್ದಾಳೆ. ಟೀಚರ್ ಕೆಂಪು ಸುತ್ತು ಹಾಕಿ ಅರ್ಧ ಮಾರ್ಕು ಕಳೆದಿದ್ದಾರೆ. ಇದರಲ್ಲಿ ತಪ್ಪೇನಿದೆ? ಇಂಗ್ಲಿಷ್ ನ್ಯೂಸ್‌ಪೇಪರಿನಲ್ಲಿ ನೋಡಿದರೆ ಮಾತಿನ ಮುಂಚೆ ಒಂದು ಕಡೆ ಕಾಮಾ, ಇನ್ನೊಂದು ಕಡೆ ಕೋಲನ್, ಮತ್ತೊಂದು ಕಡೆ ಏನೂ ಇಲ್ಲ. ಅವಳಿಗೆ ಹೇಗೆ ಹೇಳಿಕೊಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಟೀಚರ್ ಮಾಡಿದ್ದು ಸರಿ. ಆದರೆ ಮಗಳನ್ನು ಬೈಯಬೇಡಿ. ಉತ್ತರಪತ್ರಿಕೆ ತಿದ್ದುವಾಗ ನನ್ನ ಕಣ್ಣಿಗೆ ಜಾಸ್ತಿ ಬೀಳುವುದು ಇದೇ ತಪ್ಪು. ಇದರ ಬೇರು ನಮ್ಮ ‘ಅಂತ’ದಲ್ಲಿದೆ.

‘ನಂಗೆ ಹಸಿವಾಗ್ತಿದೆ ಅಂತ ರವಿ ಹೇಳಿದ’ ಅನ್ನುತ್ತೇವೆ ಅಲ್ವಾ? ರವಿ ಆಡಿದ ಮಾತನ್ನು ಇದ್ದ ಹಾಗೇ ಹೇಳಿದರೂ ‘ಅಂತ’, ‘ತನಗೆ ಹಸಿವು ಅಂತ ಹೇಳಿದ’ ಎಂದು ತಿರುಗಿಸಿ ಹೇಳಿದರೂ ‘ಅಂತ’. ಇಂಗ್ಲಿಷಿನ ‘ದಟ್’ಗೆ ಈ ಎರಡು ಕೆಲಸ ಇಲ್ಲ. ಅದು ಬಂತು ಅಂದರೆ ರವಿಯ ಮಾತನ್ನು ನಾವು ನಮ್ಮ ಮಾತಿನಲ್ಲಿ ತಿರುಗಿಸಿ ಹೇಳುತ್ತಿದ್ದೇವೆ ಎಂದರ್ಥ: ‘ರವಿ ಸೆಡ್ ದಟ್ ಹೀ ವಾಸ್ ಹಂಗ್ರಿ.’ ಇಲ್ಲಿ ಕಾಮಾ ಬೇಡ, ಇನ್ವರ್ಟೆಡ್ ಕಾಮಾನೂ ಬೇಡ. ರವಿ ಆಡಿದ ಮಾತೇ ಬೇಕಾದರೆ ‘ದಟ್’ ಕಿತ್ತುಹಾಕಿ: ‘ರವಿ ಸೆಡ್, “ಐ ಆಮ್ ಹಂಗ್ರಿ.”’ ಮಾತಿನ ಮೊದಲ ಅಕ್ಷರ ಕ್ಯಾಪಿಟಲ್, ಕೊನೆಯ ಫುಲ್‌ಸ್ಟಾಪ್ ಇನ್ವರ್ಟೆಡ್ ಕಾಮಾದ ಒಳಗೆ.

ಕಾಮಾನೋ ಕೋಲನ್ನೋ ಅನ್ನುವುದಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮಾತಿಗಿಂತ ಮುಂಚಿನ ಭಾಗವನ್ನಷ್ಟೇ ಜೋರಾಗಿ ಓದಲು ಹೇಳಿ. ‘ರವಿ ಸೆಡ್’ ಅಂತ ನಿಲ್ಲಿಸಿದರೆ ಯಾರಾದರೂ ‘ಏನಂದ?’ ಅಂತ ಕೇಳುತ್ತಾರೆ. ವಾಕ್ಯ ಮುಗಿದಿಲ್ಲ, ಹಾಗಾಗಿ ಕಾಮಾ. ‘ರವಿ ಗೇವ್ ಎ ಶಾರ್ಟ್ ಆನ್ಸರ್’ ಅಂದರೆ ಅಷ್ಟಕ್ಕೇ ಒಂದು ವಾಕ್ಯ ಆಯಿತು. ಅದಾದ ಮೇಲೆ ಮಾತು ಬಂದರೆ ಕೋಲನ್. ಪೇಪರಿನವರು ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳುತ್ತಾರೆ. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ನಿಯಮದಲ್ಲಿ ಒಂದೇ ವಾಕ್ಯದ ಮಾತಿಗೆ ಕಾಮಾ, ಅದಕ್ಕಿಂತ ಉದ್ದವಿದ್ದರೆ ಕೋಲನ್.

ಏನೂ ಇಲ್ಲದ್ದು ನೋಡಿದಿರಲ್ಲ, ಅದು ತುಂಡು ಮಾತು: ‘ರವಿ ಸೆಡ್ ದಟ್ ದ ಬಸ್ ವಾಸ್ “ಹಾರಿಬ್ಲೀ ಕ್ರೌಡೆಡ್”.’ ಅವನ ಎರಡೇ ಪದ ನಮ್ಮ ವಾಕ್ಯದೊಳಗೆ ಸೇರಿಕೊಂಡಿವೆ. ಹಾಗಾಗಿ ಇಲ್ಲಿ ‘ದಟ್’ ಇರಬಹುದು, ಕಾಮಾ ಮಾತ್ರ ಬೇಡ. ಈ ಕೊನೆಯ ಫುಲ್‌ಸ್ಟಾಪನ್ನು ಬ್ರಿಟಿಷರು ಹೀಗೆ ಹೊರಗಿಡುತ್ತಾರೆ, ಅಮೆರಿಕದವರು ಒಳಗಿಡುತ್ತಾರೆ. ಶಾಲೆಯಲ್ಲಿ ಹೇಳಿಕೊಟ್ಟಿದ್ದನ್ನೇ ಅವಳು ಪಾಲಿಸಲಿ.

ಮಾತು ಮೊದಲು ಬಂದರೆ ಕಾಮಾ ಒಳಗೆ: ‘“ಐ ಆಮ್ ಹಂಗ್ರಿ,” ಸೆಡ್ ರವಿ.’ ಪ್ರಶ್ನೆಯಾದರೆ ಕಾಮಾ ಇಲ್ಲವೇ ಇಲ್ಲ: ‘“ವೇರ್ ಈಸ್ ದ ಬಸ್?” ಆಸ್ಕ್ಡ್ ರವಿ.’ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಸುಮ್ನೆ ಇರಲಿ ಅಂತ ಪಕ್ಕದಲ್ಲೊಂದು ಕಾಮಾನೂ ಹಾಕುವ ಮಕ್ಕಳು ತುಂಬಾ. ಅವಳ ನೋಟ್‌ಬುಕ್ಕಿನಲ್ಲಿ ಅದನ್ನೂ ಒಮ್ಮೆ ನೋಡಿಬಿಡಿ.